ಹಳೆಯ ಹಲಗೆಯ ಏರುಮಡಿ: ಆರೋಗ್ಯದ ದೃಷ್ಟಿಯಿಂದ ಒಂದು ವಿವೇಚನೆ

ಊರು ಬಿಟ್ಟು ಬಂದ ಕನ್ನಡಿಗರು ಮಹಾನಗರಗಳಿಗೆ ತಮ್ಮೊಡನೆ ಬಹಳಷ್ಟನ್ನು ತಂದರು. ಭಾಷೆ ಬಂದಿತು, ಹಬ್ಬಹರಿದಿನಗಳು ಬಂದವು, ಸಾರು-ಹುಳಿಗಳ ರುಚಿಯೂ ಬಂದಿತು. ಬರಲಾಗದೆ ಹಿಂದೆಯೇ ಉಳಿದುದು ಹಿತ್ತಲು. ಬಚ್ಚಲ ನೀರು ಕುಡಿದು ಬೆಳೆಯುತ್ತಿದ್ದ ಬಸಳೆ, ಬೇಲಿಯ ಮೇಲೆ ಹಬ್ಬುತ್ತಿದ್ದ ಹೀರೆ, ಜೋಳದ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುತ್ತಿದ್ದ ಹಕ್ಕರಿಕೆ ಸೊಪ್ಪು ಇವುಗಳಿಗೆ ಪುಣೆ-ಮುಂಬಯಿಗಳ ಎರಡು ಕೋಣೆಗಳ ಮನೆಯಲ್ಲಿ ಎಡೆ ದೊರೆಯಲಿಲ್ಲ. ಆದುದರಿಂದಲೇ ನಿವೃತ್ತಿಯ ಕಾಲ ಸಮೀಪಿಸಿದಂತೆ ನಮ್ಮಲ್ಲಿ ಅನೇಕರು ನಗರದ ಹೊರಗೆ ಒಂದು ತುಂಡು ನೆಲಕ್ಕಾಗಿ ಹಂಬಲಿಸುತ್ತಾರೆ.

ನಾನೂ ಅಂಥವರಲ್ಲಿ ಒಬ್ಬ. ಪುಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈಗ ವರ್ಷದ ಹೆಚ್ಚಿನ ಕಾಲವನ್ನು ಭೋರ್ ಪಟ್ಟಣದ ಅಂಚಿನ ಚಿಕ್ಕ ಮನೆಯಲ್ಲಿ ಕಳೆಯುತ್ತಿದ್ದೇನೆ. ಆ ಮನೆಯ ಅಂಗಳದಲ್ಲಿ ಹಳೆಯ ಮರವನ್ನು ಬಳಸಿ ತರಕಾರಿಯ ಮಡಿಗಳನ್ನು ಕಟ್ಟಿದ್ದೇನೆ. ಮೊದಲನೆಯದನ್ನು ತಿಳಿಯದೆ ಕಟ್ಟಿ ನನ್ನ ಮೊಮ್ಮಗಳಿಗೇ ಅಪಾಯವನ್ನು ತಂದೊಡ್ಡಿದೆ. ಎರಡನೆಯದನ್ನು ತಿಳಿದು ಕಟ್ಟಿದೆ. ಈ ಎರಡರ ನಡುವಿನ ಅಂತರವನ್ನು ಸಂಘದ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಏರುಮಡಿ ಏಕೆ?

ಭೋರ್ ಪುಣೆಯ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿ, ನೀರಾ ನದಿಯ ದಡದಲ್ಲಿರುವ ಪಟ್ಟಣ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಪಂತ ಸಚಿವ ಮನೆತನದವರು ಆಳುತ್ತಿದ್ದ ಸಂಸ್ಥಾನದ ರಾಜಧಾನಿಯಾಗಿತ್ತು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಮಳೆಯದೇ ರಾಜ್ಯಭಾರ. ಭತ್ತಕ್ಕೆ ಅದು ವರ. ಆದರೆ ಭತ್ತಕ್ಕೆ ಒಗ್ಗುವ ನಿಂತ ನೀರು ಮೆಂತ್ಯ, ಬದನೆ, ಟೊಮೇಟೊಗಳ ಬೇರನ್ನು ಕೊಳೆಸಿಬಿಡುತ್ತದೆ. ಮೇಲಾಗಿ, ಮನೆ ಕಟ್ಟಲು ಸಮತಟ್ಟು ಮಾಡಿದ ನಿವೇಶನಗಳಲ್ಲಿ ಮೇಲ್ಮಣ್ಣು ಹೋಗಿ ಗಟ್ಟಿಯಾದ ಮುರುಮವೊಂದೇ ಉಳಿದಿರುತ್ತದೆ. ಇಂಥ ಕಡೆ ನೆಲದ ಮೇಲೊಂದು ಚೌಕಟ್ಟನ್ನು ಕಟ್ಟಿ, ಅದರೊಳಗೆ ಒಳ್ಳೆಯ ಮಣ್ಣು ಗೊಬ್ಬರಗಳನ್ನು ತುಂಬಿ ಬೆಳೆ ತೆಗೆಯುವುದೇ ಸುಲಭದ ದಾರಿ. ಅದೇ ಏರುಮಡಿ. ಇಲ್ಲಿಯ ರೈತರು ಮಣ್ಣನ್ನಷ್ಟೇ ಏರಿಸಿ ಮಾಡುವ ಮಡಿಯನ್ನು ಮರಾಠಿಯಲ್ಲಿ ‘ಗಾದೀ ವಾಫಾ’ ಎನ್ನುತ್ತಾರೆ. ನಮ್ಮ ಕಡೆಯ ಸಸಿಮಡಿಯೂ ಇದೇ ಜಾತಿಯದು. ಚೌಕಟ್ಟಿಗೆ ಮರವನ್ನು ಬಳಸುವುದೊಂದೇ ಹೊಸತು.

ನೀರನ್ನು ತರುವುದು ಎಷ್ಟು ಮುಖ್ಯವೋ ಹೆಚ್ಚಾದ ನೀರನ್ನು ದೂರವಿಡುವುದೂ ಅಷ್ಟೇ ಮುಖ್ಯ. ಭೋರಿನ ಸಮೀಪದ ಭಾಟಘರದಲ್ಲಿ ಸಂಗ್ರಹವಾಗುವ ನೀರು ನೀರಾ ಕಾಲುವೆಗಳ ಮೂಲಕ ಕೆಳಗಿನ ಬಯಲಿಗೆ ಹರಿಯುತ್ತದೆ. ಆ ಬಯಲಿನಲ್ಲಿ ನೀರು ಅತಿಯಾಗಿ ಎಷ್ಟೋ ಹೊಲಗಳು ಜವಳು ಹಿಡಿದವು. ಇಂಥ ಅತಿನೀರಾವರಿಯನ್ನು ತಡೆದು, ಇರುವ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ ಸಲುವಾಗಿ, ಪುಣೆಯಲ್ಲಿ ಸೇವೆಯಲ್ಲಿದ್ದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ದಖ್ಖನಿನ ಕಾಲುವೆಗಳಿಗೆ ‘ಬ್ಲಾಕ್’ ನೀರಾವರಿ ಪದ್ಧತಿಯನ್ನು ರೂಪಿಸಿದರು. ಹೊಲಕ್ಕೆ ಸಲ್ಲುವ ಈ ಮಾತು ಅಂಗಳದ ಮಡಿಗೂ ಸಲ್ಲುತ್ತದೆ.

ಏರುಮಡಿಯ ಇನ್ನೊಂದು ಗುಣ ವಯಸ್ಸಾದವರಿಗೆ ಸಂಬಂಧಿಸಿದ್ದು. ಮಂಡಿನೋವು, ಸೊಂಟನೋವು ಉಳ್ಳವರು ನೆಲಕ್ಕೆ ಬಗ್ಗಿ ಕಳೆ ಕೀಳಲಾರರು. ಮಡಿಯು ಎರಡಡಿ ಎತ್ತರವಿದ್ದರೆ ಪಕ್ಕದಲ್ಲೊಂದು ಮಣೆಯನ್ನೋ ಸ್ಟೂಲನ್ನೋ ಇಟ್ಟುಕೊಂಡು ಕುಳಿತಲ್ಲಿಂದಲೇ ಕೆಲಸ ಮಾಡಬಹುದು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನ-ಚಪಾತಿಗಳಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳುವ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಮುಟ್ಟುತ್ತೇವೆ? ಸೊಪ್ಪು ಕೈಗೆಟುಕುವಲ್ಲಿ ಇದ್ದರೆ ಅದು ತಟ್ಟೆಗೂ ತಾನಾಗಿಯೇ ಬರುತ್ತದೆ.

ನಾನು ಮಾಡಿದ ತಪ್ಪು

ಪುಣೆಯ ಪೇಟೆಗಳಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ಉರುಳಿ ಬಹುಮಹಡಿ ಕಟ್ಟಡಗಳು ಏಳುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅವುಗಳ ತೊಲೆ, ಬಾಗಿಲು, ಕಿಟಕಿಗಳು ಹಳೆಯ ಮರದ ವ್ಯಾಪಾರಿಗಳ ಕೈ ಸೇರುತ್ತವೆ. ಅಂಥ ಒಂದು ಕಡೆ ನನಗೆ ನಾಲ್ಕು ಹಳೆಯ ಬಾಗಿಲುಗಳು ಅಗ್ಗದಲ್ಲಿ ಸಿಕ್ಕವು. ಅಪ್ಪಟ ಸಾಗವಾನಿ, ಮೇಲೆ ಪದರಪದರವಾಗಿ ನೀಲಿ ಬಣ್ಣ. ಅವನ್ನು ಟೆಂಪೋದಲ್ಲಿ ಭೋರಿಗೆ ಸಾಗಿಸಿ, ಕೊಯ್ದು, ಮಡಿ ಕಟ್ಟಿದೆ. ಬಣ್ಣ ಅಂದವಾಗಿಯೇ ಇದೆಯೆಂದು ಹಾಗೆಯೇ ಬಿಟ್ಟೆ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣವು ಹಕ್ಕಳೆಯಾಗಿ ಎದ್ದು ಮಣ್ಣಿಗೆ ಉದುರತೊಡಗಿತು. ಆ ಬೇಸಿಗೆಯಲ್ಲಿ ಎರಡು ವರ್ಷದ ಮೊಮ್ಮಗಳು ನಮ್ಮೊಡನೆ ಎರಡು ತಿಂಗಳಿದ್ದಳು. ಮಡಿಯ ಅಂಚಿನಲ್ಲಿಯೇ ಅವಳ ಆಟ. ಮಕ್ಕಳು ಮಣ್ಣು ತಿನ್ನುವುದು ಹೊಸತೇನಲ್ಲ. ನಾವು ನಕ್ಕು ಸುಮ್ಮನಾದೆವು. ಪುಣೆಗೆ ಮರಳಿದ ಮೇಲೆ ಮಗು ಊಟ ಬಿಟ್ಟು ಸೊರಗಿದಾಗ ಮಕ್ಕಳ ವೈದ್ಯರು, ‘ಮನೆಯಲ್ಲಿ ಹಳೆಯ ಬಣ್ಣವೇನಾದರೂ ಇದೆಯೇ?’ ಎಂದು ಕೇಳಿದರು. ರಕ್ತವನ್ನು ಪರೀಕ್ಷಿಸಿದಾಗ ಸೀಸದ ಅಂಶ ಹೆಚ್ಚಾಗಿರುವುದು ಕಂಡುಬಂದಿತು. ನಾನು ಬಾಗಿಲಿನ ಬಣ್ಣದ ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟೆ. ಅದರಲ್ಲಿಯೂ ಸೀಸವಿತ್ತು. ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದು ಬರೆದರೆ ಅತಿಶಯೋಕ್ತಿಯಲ್ಲ.

ಸೀಸದ ವಿಷಯದಲ್ಲಿ ತಿಳಿಯಬೇಕಾದುದು ಇಷ್ಟು. ಅದಕ್ಕೆ ನಿರಪಾಯಕರವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 100 ಮಿಲಿಲೀಟರು ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೂ ಅದು ಎಲ್ಲಿಂದ ಬಂದಿತೆಂದು ಹುಡುಕಿ ತಡೆಯಬೇಕೆಂಬುದು ಅದರ 2021ರ ಸೂಚನೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದು ಎಲುಬುಗಳಲ್ಲಿ ಸೇರಿಕೊಂಡು ಬಹುಕಾಲ ಉಳಿಯುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ. ಅನೇಕ ವೇಳೆ ಹೊರಗೆ ಯಾವ ಲಕ್ಷಣವೂ ತೋರುವುದಿಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಕಣ್ಣು ತೆರೆಸಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅಲ್ಲಿಯ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಯ ಅಧ್ಯಯನದಲ್ಲಿ ಹೆಸರಾದವರು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವಿರುವ ಬಾಗಿಲು ಕಿಟಕಿಗಳಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ.

ಗಿಡಗಳು ಬೇರಿನ ಮೂಲಕ ಎಳೆದುಕೊಳ್ಳುವ ಸೀಸ ಸಾಮಾನ್ಯವಾಗಿ ಸ್ವಲ್ಪವೇ. ಸೊಪ್ಪಿಗೆ ಅಂಟಿದ ಧೂಳು, ಗೆಡ್ಡೆಗಳಿಗೆ ಮೆತ್ತಿದ ಮಣ್ಣು ಮತ್ತು ಮಕ್ಕಳ ಕೈಯಿಂದ ನೇರವಾಗಿ ಬಾಯಿಗೆ ಹೋಗುವ ಮಣ್ಣು, ಇವುಗಳಿಂದಲೇ ಹೆಚ್ಚಿನ ಅಪಾಯ.

ಮರದ ಪೂರ್ವಚರಿತ್ರೆ

ಮದುವೆಗೆ ಮೊದಲು ಮನೆತನವನ್ನು ವಿಚಾರಿಸುವಂತೆ, ಮಡಿಗೆ ಮೊದಲು ಮರದ ಪೂರ್ವಚರಿತ್ರೆಯನ್ನು ವಿಚಾರಿಸಬೇಕು. ಈ ಮರ ಎಲ್ಲಿತ್ತು? ಏನನ್ನು ಹೊತ್ತಿತ್ತು? ಅದಕ್ಕೆ ಏನನ್ನು ಬಳಿದಿದ್ದರು? ಉತ್ತರ ದೊರೆಯದಿದ್ದರೆ ಆ ಮರವನ್ನು ತರಕಾರಿಯ ಹತ್ತಿರ ತರಕೂಡದು.

1. ಬಣ್ಣದ ಮರ: ಮೇಲೆ ಹೇಳಿದ ಕಾರಣದಿಂದ ತ್ಯಾಜ್ಯ. ಬಣ್ಣವನ್ನು ಒಣಗಿದ್ದಾಗ ಉಪ್ಪುಕಾಗದದಿಂದ ಉಜ್ಜಿ ತೆಗೆಯುವುದು ಇನ್ನೂ ಕೆಟ್ಟದ್ದು. ಸೀಸವು ಧೂಳಾಗಿ ಶ್ವಾಸಕೋಶವನ್ನೇ ಸೇರುತ್ತದೆ.

2. ರೈಲಿನ ಹಳೆಯ ಸ್ಲೀಪರುಗಳು: ಕಾಂಕ್ರೀಟು ಸ್ಲೀಪರುಗಳು ಬಂದ ಮೇಲೆ ಮರದವು ಗುಜರಿಗೆ ಬಂದವು. ದಪ್ಪವಾಗಿ, ಗಟ್ಟಿಯಾಗಿ ಕಾಣುವುದರಿಂದ ಮನಸ್ಸು ಸೆಳೆಯುತ್ತವೆ. ಆದರೆ ಅವು ಕೊಳೆಯದಿರಲೆಂದು ಕ್ರಿಯೋಸೋಟ್ ಎಂಬ ಟಾರೆಣ್ಣೆಯನ್ನು ಉಣಿಸಿರುತ್ತಾರೆ. ಬಿಸಿಲಿಗೆ ಅದು ಕಪ್ಪಾಗಿ ಜಿನುಗುತ್ತದೆ, ಡಾಂಬರಿನ ವಾಸನೆ ಬರುತ್ತದೆ. ಅದು ಮಾನವರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಪಟ್ಟಿಯಲ್ಲಿದೆ.

3. ಹಸಿರು ಛಾಯೆಯ ಮರ: ತಾಮ್ರ, ಕ್ರೋಮಿಯಂ ಮತ್ತು ಪಾಷಾಣ, ಅಂದರೆ ಆರ್ಸೆನಿಕ್, ಸೇರಿದ ರಸವನ್ನು ಉಣಿಸಿದ ಮರವಿದು. ಈ ರಸವನ್ನು 1933ರಲ್ಲಿ ರೂಪಿಸಿದವರು ಸೊಂತಿ ಕಾಮೇಶನ್ ಎಂಬ ಭಾರತೀಯರೇ. ಗೆದ್ದಲನ್ನು ತಡೆಯುವುದರಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಕಂಬ-ಸೇತುವೆಗಳಿಗೆ ಅದು ಉಪಕಾರಿಯೇ. ಆದರೆ ಪಾಷಾಣವು ಅಲ್ಪಸ್ವಲ್ಪವಾಗಿ ಮಣ್ಣಿಗೆ ಇಳಿಯುತ್ತದೆ. ಅಮೆರಿಕದಲ್ಲಿ 2003ರ ಅಂತ್ಯಕ್ಕೆ ಮನೆ-ಅಂಗಳಗಳ ಬಳಕೆಗೆ ಇಂಥ ಮರದ ತಯಾರಿಕೆಯನ್ನು ನಿಲ್ಲಿಸಿದರು. ಹಸಿರು ಛಾಯೆ ವರ್ಷಗಳು ಕಳೆದಂತೆ ಮಾಸುವುದರಿಂದ ಕಣ್ಣನ್ನು ಮಾತ್ರ ನಂಬುವಂತಿಲ್ಲ.

4. ಕಾರ್ಖಾನೆಯ ಪ್ಯಾಲೆಟ್ಟುಗಳು: ಪುಣೆ-ಬೆಂಗಳೂರು ಹೆದ್ದಾರಿಯ ಶಿರವಳದಂಥ ಕೈಗಾರಿಕಾ ಸ್ಥಳಗಳಲ್ಲಿ ಸರಕು ಪೇರಿಸುವ ಈ ಹಲಗೆಚೌಕಟ್ಟುಗಳು ಗುಜರಿಯಲ್ಲಿ ಸಿಗುತ್ತವೆ. ವಿದೇಶ ವ್ಯಾಪಾರದ ಪ್ಯಾಲೆಟ್ಟುಗಳ ಮೇಲೆ ಗೋಧಿತೆನೆಯಂಥ ಗುರುತಿನ ಅಂತರರಾಷ್ಟ್ರೀಯ ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್.ಟಿ.’ ಎಂದಿದ್ದರೆ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಕಾದಿದೆಯೆಂದು ಅರ್ಥ. ಅದು ಬಳಸಲು ಯೋಗ್ಯ. ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಿದ್ದಾರೆಂದು ಅರ್ಥ, ಅದು ಬೇಡ. ಎಣ್ಣೆ ಅಥವಾ ರಾಸಾಯನಿಕದ ಕಲೆಯಿದ್ದರೆ ಮುದ್ರೆ ಏನೇ ಇರಲಿ, ಬಿಟ್ಟುಬಿಡಬೇಕು.

5. ಪ್ಲೈವುಡ್ ಮತ್ತು ಒತ್ತುಹಲಗೆಗಳು: ಇವುಗಳ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹೇಗೂ ಒಂದೆರಡು ಮಳೆಗಾಲದಲ್ಲಿ ಉಬ್ಬಿ ಬಿರಿಯುತ್ತವೆ.

ಹಾಗಾದರೆ ಯೋಗ್ಯವಾದುದು ಯಾವುದು? ಬಣ್ಣ ಕಾಣದ ಹಳೆಯ ಸಾಗವಾನಿ ತೊಲೆ-ಜಂತಿಗಳು ಎಲ್ಲಕ್ಕಿಂತ ಉತ್ತಮ. ಸಾಗವಾನಿಯ ಕೆಚ್ಚು ತನ್ನೊಳಗಿನ ಎಣ್ಣೆಯಂಶದಿಂದಲೇ ಗೆದ್ದಲನ್ನು ಬಹುಮಟ್ಟಿಗೆ ದೂರವಿಡುತ್ತದೆ. ಹೊರಗಿನ ಬಿಳಿಭಾಗಕ್ಕೆ ಈ ಶಕ್ತಿಯಿಲ್ಲ. ಹಲಸು, ಮತ್ತಿ ಆಗಬಹುದು. ಮಾವು ಮತ್ತು ಪ್ಯಾಲೆಟ್ಟಿನ ಮೆದು ಮರ ಎರಡು ಮೂರು ವರ್ಷ ಬಂದರೆ ಅದೃಷ್ಟ. ತೊಲೆಗಳಿಗೆ ಹಿಂದೆ ಗೆದ್ದಲಿನ ಔಷಧ ಹೊಡೆದಿದ್ದರೇ ಎಂಬುದನ್ನು ಮಾತ್ರ ಕೇಳಲೇಬೇಕು. ಇಂದು ನಮ್ಮ ದೇಶದಲ್ಲಿ ನಿಷೇಧವಾಗಿರುವ ಆಲ್ಡ್ರಿನ್‌ನಂಥ ವಿಷಗಳನ್ನು ಹಿಂದೆ ಧಾರಾಳವಾಗಿ ಬಳಸುತ್ತಿದ್ದರು.

ಬೇಡವೆಂದು ತೆಗೆದಿಟ್ಟ ಮರದ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಬಚ್ಚಲ ಒಲೆಗಾಗಲಿ ನೀರು ಕಾಯಿಸುವ ಬಂಬಿಗಾಗಲಿ ಹಾಕಬೇಡಿ. ಸೀಸ ಹೊಗೆಯಲ್ಲಿಯೂ ಪಾಷಾಣ ಬೂದಿಯಲ್ಲಿಯೂ ಉಳಿಯುತ್ತವೆ. ಆ ಬೂದಿ ಮತ್ತೆ ಪಾತ್ರೆಗೋ ಗಿಡದ ಬುಡಕ್ಕೋ ಬರುತ್ತದೆ.

ಕಟ್ಟುವ ಕ್ರಮ

ಮೊದಲು ಹಳೆಯ ಮೊಳೆಗಳನ್ನೆಲ್ಲ ಕೀಳಬೇಕು. ಮುರಿದ ಮೊಳೆ ಒಳಗೆ ಉಳಿದರೆ ಗರಗಸದ ಹಲ್ಲೂ ಹೋಗುತ್ತದೆ, ಕೈಯೂ ಹೋಗುತ್ತದೆ. ಮೇಲಿನ ಪದರವನ್ನು ಬಡಗಿಯಿಂದ ಹತ್ತರಿ ಹಿಡಿಸಿ ತೆಗೆಸಿ, ಹಲಗೆಯನ್ನು ಕೆಲವು ದಿನ ಬಿಸಿಲಿನಲ್ಲಿಡಬೇಕು.

ಅಗಲ ನಾಲ್ಕಡಿ ಮೀರಬಾರದು. ಎರಡೂ ಬದಿಯಿಂದ ಕೈ ನಡುವಿನವರೆಗೆ ಎಟುಕಬೇಕು. ಗೋಡೆಗೆ ಒತ್ತಿದ ಮಡಿಯಾದರೆ ಎರಡಡಿ ಸಾಕು. ಉದ್ದ ಆರಡಿ, ಎತ್ತರ ಒಂದಡಿ ಸೊಪ್ಪಿಗೆ ಸಾಕು. ಹಲಗೆಯ ದಪ್ಪ ಒಂದರಿಂದ ಒಂದೂವರೆ ಅಂಗುಲ. ನಾಲ್ಕು ಮೂಲೆಗಳಲ್ಲಿ ಎರಡಂಗುಲ ಚೌಕದ ಗೂಟಗಳನ್ನಿಟ್ಟು ಹಲಗೆಗಳನ್ನು ಅವಕ್ಕೆ ಬಿಗಿಯಬೇಕು. ಮಳೆಯಲ್ಲಿ ನೆನೆದ ಮಣ್ಣು ಹಲಗೆಯನ್ನು ಹೊರಕ್ಕೆ ತಳ್ಳುವುದರಿಂದ ಉದ್ದದ ಬದಿಗಳ ನಡುವೆ ಒಂದೊಂದು ಗೂಟ ಹೆಚ್ಚಿಗೆ ಬೇಕು. ಹಳೆಯ ಸಾಗವಾನಿ ಮೊಳೆ ಹೊಡೆದರೆ ಸೀಳುತ್ತದೆ. ಬೈರಿಗೆಯಿಂದ ಮೊದಲೇ ತೂತು ಕೊರೆದು, ಸತುವಿನ ಲೇಪವುಳ್ಳ ಇಲ್ಲವೆ ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂಗಳನ್ನು ಹಾಕಬೇಕು.

ಚೌಕಟ್ಟನ್ನು ನೇರವಾಗಿ ನೆಲದ ಮೇಲಿಡದೆ, ಸಾಲಾಗಿ ಜೋಡಿಸಿದ ಕಲ್ಲು ಅಥವಾ ಇಟ್ಟಿಗೆಯ ಮೇಲೆ ಕೂರಿಸಿದರೆ ಮರದ ಬಾಳಿಕೆ ಹೆಚ್ಚುತ್ತದೆ. ಗೆದ್ದಲಿನ ಮಣ್ಣಿನ ದಾರಿ ಕಲ್ಲಿನ ಮೇಲೆ ಕಂಡ ಕೂಡಲೇ ಒರೆಸಿಹಾಕಲೂ ಸುಲಭ. ತಳವನ್ನು ಮುಚ್ಚಕೂಡದು. ಕೆಳಗಿನ ಮುರುಮವನ್ನು ಗುದ್ದಲಿಯಿಂದ ಅರ್ಧ ಅಡಿ ಸಡಿಲಿಸಿದರೆ ನೀರು ಇಳಿಯುತ್ತದೆ. ಒಳಬದಿಗೆ ಹಳೆಯ ಫ್ಲೆಕ್ಸ್ ಬ್ಯಾನರುಗಳನ್ನು ಹೊದಿಸುವ ರೂಢಿ ಬೆಳೆದಿದೆ. ಅದು ಪಿ.ವಿ.ಸಿ. ಹಾಳೆ, ಊಟದ ಬೆಳೆಗೆ ತಕ್ಕದ್ದಲ್ಲ. ಗೋಣಿತಟ್ಟು ಸಾಕು.

ಲೇಪನ

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಎಣ್ಣೆಯನ್ನು ಮರಕ್ಕೆ ಬಳಿಯುವುದು ನಮ್ಮ ಎಲ್ಲ ಊರುಗಳಲ್ಲಿಯೂ ಇರುವ ಪದ್ಧತಿ. ಬೇಲಿಯ ಕಂಬಕ್ಕೆ ಬಳಿದರೂ ಅದು ನೆಲಕ್ಕಿಳಿಯುತ್ತದೆ. ತರಕಾರಿಯ ಮಡಿಗಂತೂ ಸರ್ವಥಾ ಕೂಡದು. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ವಸ್ತುಗಳೂ ಇರುತ್ತವೆ. ಡಾಂಬರು ಕೂಡ ಬೇಡ.

ನಮ್ಮ ಉತ್ತರ ಕರ್ನಾಟಕದವರಿಗೆ ಚಟ್ನಿಯಿಂದ ಪರಿಚಿತವಾದ ಅಗಸೆಯ ಎಣ್ಣೆಯೇ ಇದಕ್ಕೆ ಉತ್ತಮ ಲೇಪನ. ಮರಾಠಿಯಲ್ಲಿ ಇದನ್ನು ಜವಸ ಎನ್ನುತ್ತಾರೆ. ಅಂಗಡಿಯಲ್ಲಿ ‘ಕಾಯಿಸಿದ್ದು’ ಎಂದು ಮಾರುವ ಎಣ್ಣೆಗೆ ಬೇಗ ಒಣಗಲು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಆದ್ದರಿಂದ ಶುದ್ಧವಾದ ಹಸಿ ಎಣ್ಣೆಯನ್ನೇ ಕೊಳ್ಳಬೇಕು. ಬಟ್ಟೆಯಿಂದ ತೆಳುವಾಗಿ ಸವರಿ, ಅರ್ಧ ಗಂಟೆಯ ನಂತರ ಮೇಲೆ ನಿಂತುದನ್ನು ಒರೆಸಿ, ಹಲವು ದಿನ ಒಣಗಲು ಬಿಟ್ಟು, ಮತ್ತೊಮ್ಮೆ ಸವರಬೇಕು. ಕೊಯ್ದ ತುದಿಗಳು ನೀರನ್ನು ಹೆಚ್ಚಾಗಿ ಹೀರುವುದರಿಂದ ಅಲ್ಲಿ ಇನ್ನೆರಡು ಸಲ. ಮಳೆಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಇದನ್ನು ಪುನಃ ಮಾಡುತ್ತಿರಬೇಕು. ಒಂದು ಮುಖ್ಯ ಸೂಚನೆ: ಅಗಸೆಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಆ ಮೇಲೆ ವಿಲೇವಾರಿ ಮಾಡಿ.

ಮಣ್ಣು ಮತ್ತು ಬೆಳೆ

ತಳದ ಮೂರನೆಯ ಒಂದು ಭಾಗಕ್ಕೆ ಒಣ ಕಡ್ಡಿ, ತೆಂಗಿನ ಸಿಪ್ಪೆ, ಕಬ್ಬಿನ ರವದಿಗಳನ್ನು ತುಂಬಬಹುದು. ಅವು ಕೊಳೆತು ಗೊಬ್ಬರವಾಗುತ್ತವೆ. ಮೇಲೆ ಎರಡು ಪಾಲು ಒಳ್ಳೆಯ ಮಣ್ಣಿಗೆ ಒಂದು ಪಾಲು ಹಳೆಯ ಸಗಣಿಗೊಬ್ಬರವನ್ನೋ ಎರೆಗೊಬ್ಬರವನ್ನೋ ಬೆರೆಸಬೇಕು. ಭತ್ತದ ನಾಡಾದ ಭೋರಿನಲ್ಲಿ ಹೊಟ್ಟಿಗೆ ಕೊರತೆಯಿಲ್ಲ. ಅದನ್ನು ಸ್ವಲ್ಪ ಬೆರೆಸಿದರೆ ಮಣ್ಣು ಹಗುರಾಗುತ್ತದೆ. ಮಳೆಗಾಲದಲ್ಲಿ ಹರಿವೆ, ಬಸಳೆ, ಹೀರೆ, ಪುಂಡಿ. ಚಳಿಗಾಲದಲ್ಲಿ ಮೆಂತ್ಯ, ಪಾಲಕ, ಸಬ್ಬಸಿಗೆ, ಮೂಲಂಗಿ, ಟೊಮೇಟೊ. ಬೇಸಿಗೆಯಲ್ಲಿ ದಂಟು, ಚವಳಿಕಾಯಿ. ಮೆಂತ್ಯ ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ. ಊರಿನಿಂದ ಬರುವ ನೆಂಟರಿಗೆ ಬೇರೇನೂ ತರಬೇಡಿರೆಂದು, ಒಂದು ಹಿಡಿ ಹಕ್ಕರಿಕೆಯ ಬೀಜ ತರಲು ಹೇಳಿ.

ನಗರದ ಮಹಡಿಯಲ್ಲಿ

ಅಂಗಳವಿಲ್ಲದವರು ಇದನ್ನೇ ಮಹಡಿಯ ಮೇಲೆ ಮಾಡಬಹುದೇ ಎಂದು ಕೇಳುತ್ತಾರೆ. ಲೆಕ್ಕ ನೋಡೋಣ. ನಾಲ್ಕಡಿ ಅಗಲ, ಆರಡಿ ಉದ್ದ, ಒಂದಡಿ ಎತ್ತರದ ಮಡಿಯಲ್ಲಿ ನೆನೆದ ಮಣ್ಣು ಸುಮಾರು ಒಂದು ಟನ್ ತೂಗುತ್ತದೆ. ಅಂದರೆ ಚದರ ಮೀಟರಿಗೆ ಸುಮಾರು 480 ಕಿಲೋ. ಜನರು ಓಡಾಡುವ ತಾರಸಿಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಯ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಆದುದರಿಂದ ಇಂಜಿನಿಯರರ ಸಲಹೆಯಿಲ್ಲದೆ ಇಂಥ ಮಡಿಯನ್ನು ಮಹಡಿಗೇರಿಸುವುದು ಆತ್ಮಘಾತುಕ. ಅಲ್ಲಿ ತೆಂಗಿನ ನಾರಿನ ಪುಡಿ, ಒಣ ಎಲೆ, ಗೊಬ್ಬರ ಬೆರೆಸಿದ ಹಗುರಾದ ಮಿಶ್ರಣವನ್ನು ಚಿಕ್ಕ ತೊಟ್ಟಿಗಳಲ್ಲಿ ತುಂಬಿ ಸೊಪ್ಪು ಬೆಳೆಯುವುದೇ ಲೇಸು.

ಕೆಲಸದಲ್ಲಿ ಎಚ್ಚರ

ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಆಗಿರಬೇಕು. ಹಳೆಯ ಮೊಳೆ ಚುಚ್ಚಿದರೆ ವೈದ್ಯರನ್ನು ಕಾಣಬೇಕು. ಮರ ಕೊಯ್ಯುವಾಗ ಮೂಗು-ಬಾಯಿಗಳಿಗೆ ಒಳ್ಳೆಯ ಮಾಸ್ಕು ಇರಲಿ. ಮರದ ಧೂಳು ಕೂಡ ಕ್ಯಾನ್ಸರ್‌ಕಾರಕವೆಂದು ಸಿದ್ಧವಾಗಿದೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಮಣ್ಣಿಗಿಳಿದರೆ ಇಲಿಜ್ವರ, ಕೊಕ್ಕೆಹುಳುಗಳ ಭಯ. ರಬ್ಬರಿನ ಬೂಟು ಧರಿಸಿ. ಪೇರಿಸಿದ ಹಳೆಯ ಮರದ ಸಂದಿಯಲ್ಲಿ ಹಾವು ಸೇರುವುದು ಸಾಮಾನ್ಯ; ನೋಡದೆ ಕೈ ಹಾಕಬೇಡಿ. ಕಚ್ಚಿದರೆ ಮಂತ್ರ-ಕಟ್ಟುಗಳಲ್ಲಿ ಕಾಲ ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಧಾವಿಸಬೇಕು.

ನನ್ನ ಮೊದಲ ಮಡಿಯನ್ನು ಬಿಚ್ಚಿ, ಬಣ್ಣದ ಹಲಗೆಗಳನ್ನೂ ಮೇಲಿನ ಮಣ್ಣನ್ನೂ ಚೀಲಗಳಲ್ಲಿ ಕಟ್ಟಿ ಅಂಗಳದಿಂದ ಹೊರಹಾಕಿದೆ. ವೈದ್ಯರ ಸಲಹೆಯಂತೆ ಮಗುವಿನ ಆಹಾರದಲ್ಲಿ ಕಬ್ಬಿಣ, ಸುಣ್ಣದ ಅಂಶಗಳು ಕಡಿಮೆಯಾಗದಂತೆ ನೋಡಿಕೊಂಡೆವು. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಪೂರ್ತಿ ಹೋಗಿತ್ತೆಂದು ಹೇಳಲಾರೆ. ಈಗ ಅವಳಿಗೆ ಐದು ವರ್ಷ. ಬಣ್ಣವಿಲ್ಲದ ತೊಲೆಗಳ ಹೊಸ ಮಡಿಯಲ್ಲಿ ಮೆಂತ್ಯದ ಬೀಜವನ್ನು ತಾನೇ ಚೆಲ್ಲುತ್ತಾಳೆ. ‘ಅಜ್ಜಾ, ಕೈ ತೊಳೆದುಕೊಂಡೆಯಾ?’ ಎಂದು ನನ್ನನ್ನೇ ಗದರಿಸುತ್ತಾಳೆ.

ಹಳೆಯದನ್ನು ಎಸೆಯದೆ ಬಳಸುವುದು ನಮ್ಮ ಹಿರಿಯರ ಬಾಳಿನ ರೀತಿ. ಆದರೆ ಅವರ ಹಳೆಯ ಮರ ಬರಿಯ ಮರವಾಗಿತ್ತು. ನಮ್ಮದಕ್ಕೆ ಒಂದು ಶತಮಾನದ ರಸಾಯನ ಅಂಟಿಕೊಂಡಿದೆ. ಆದುದರಿಂದ ಮಿತವ್ಯಯದೊಡನೆ ವಿಚಾರವೂ ಇರಲಿ. ಬೆಲೆಯನ್ನು ಕೇಳುವ ಮೊದಲು ಮರದ ಕಥೆಯನ್ನು ಕೇಳಿ. ಕಥೆ ತಿಳಿಯದಿದ್ದರೆ ಅಗ್ಗವೆಂದು ಕೊಳ್ಳಬೇಡಿ. ಇಷ್ಟನ್ನು ಪಾಲಿಸಿದರೆ ಪರನಾಡಿನ ಅಂಗಳದಲ್ಲಿಯೂ ನಮ್ಮ ಊರಿನ ಹಿತ್ತಲು ನಿರ್ಭಯವಾಗಿ ಚಿಗುರಬಲ್ಲದು.